ಹನ್ನೊಂದು ಹೆಬ್ಬೆಟ್ಟು

ಹುಲ್ಲಹಳ್ಳಿಯಲ್ಲಿ ಬಸ್ಸು ಹತ್ತಿದಾಗ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಎರಡು ಮೈಲಿ ಹೋಗುವುದರೊಳಗೆ ನಂದಿತಾ ಅದನ್ನು ಬುಟ್ಟಿ ಹಿಡಿದು ನಿಂತಿದ್ದ ಮುದುಕಿಯೊಬ್ಬಳಿಗೆ ಬಿಟ್ಟುಕೊಟ್ಟು ಎದ್ದಳು. ಕಂಡಕ್ಟರು ಮೆಚ್ಚುಗೆಯಿಂದ ನೋಡಿ, "ಓದ್ದೋರು ಅಂದ್ರೆ ಇಂಗಿರ್ಬೇಕು ನೋಡ್ರಪ್ಪ" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದ. ಅವಳ ಕಿವಿ ಬಿಸಿಯಾಯಿತು. ಎದ್ದದ್ದು ಮುದುಕಿಗಾಗಿ ಅಲ್ಲ. ಕಿಟಕಿಯಾಚೆ ನಾಲೆಯ ಏರಿ, ಏರಿಯ ಕೆಳಗೆ ನಾಟಿ. ಬಗ್ಗಿದ ಬೆನ್ನುಗಳ ಸಾಲು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿತ್ತು, ಆ ಸಾಲಿನಲ್ಲಿ ತನಗೆ ಗುರುತಿರುವ ಒಂದು ಬೆನ್ನೂ ಇರಲಿಲ್ಲ. ಎಲ್ಲರೂ ಕೊಳ್ಳೇಗಾಲದ ಕಡೆಯಿಂದ ಟೆಂಪೋದಲ್ಲಿ ತಂದವರು. ಊರಿನ ಹನ್ನೊಂದು ಹೆಂಗಸರನ್ನು ಈ ಸಲದ ನಾಟಿಗೆ ಯಾರೂ ಕರೆದಿರಲಿಲ್ಲ. ಯಾಕೆ ಕರೆಯಲಿಲ್ಲವೆಂದು ಹೇಳುವ ಕಾಗದ ಅವಳ ಹೆಗಲಿನ ಬಟ್ಟೆಚೀಲದಲ್ಲೇ ಇತ್ತು. ಬಸ್ಸು ಕುಲುಕಿದಾಗಲೆಲ್ಲ ಚೀಲವನ್ನು ಎದೆಗೆ ಅವಚಿಕೊಳ್ಳುತ್ತಿದ್ದಳು, ಯಾರೋ ಕಸಿಯಲು ಬಂದವರಂತೆ. ಯಾರು ಕಸಿಯುತ್ತಾರೆ ಇದನ್ನು?

ಚೀಲದಲ್ಲಿ ಸ್ಪೈರಲ್ ಬೈಂಡಿನ ಒಂದು ಇಂಗ್ಲಿಷ್ ವರದಿ ಇತ್ತು. ಅದರೊಳಗೆ ಮಡಿಚಿಟ್ಟ ಒಂದು ತಪ್ಪೊಪ್ಪಿಗೆ ಪತ್ರ: ‘ನಾನು ದಿಲ್ಲಿಯಲ್ಲಿ ತರಬೇತಿಯಲ್ಲಿದ್ದಾಗ ಬರೆದ ವರದಿಯಲ್ಲಿ ನಮ್ಮೂರಿನ ಕೂಲಿ ಹೆಂಗಸರು ಹೇಳಿದರೆಂದು ಕೊಟ್ಟಿರುವ ಮಾತುಗಳೆಲ್ಲ ನನ್ನ ಕಲ್ಪನೆ. ಕೆಳಗೆ ಹೆಬ್ಬೆಟ್ಟು ಒತ್ತಿರುವ ಹನ್ನೊಂದು ಮಂದಿ ನನಗೆ ಏನನ್ನೂ ಹೇಳಿರುವುದಿಲ್ಲ.’ ಹತ್ತು ಹೆಬ್ಬೆಟ್ಟು ಆಗಲೇ ಬಿದ್ದಿದ್ದವು. ಹನ್ನೊಂದನೆಯ ಜಾಗ ಖಾಲಿ. ಅದರ ಮುಂದೆ ಅವಳದೇ ದುಂಡು ಅಕ್ಷರದಲ್ಲಿ ‘ಚಿಕ್ಕತಾಯಮ್ಮ’ ಎಂದಿತ್ತು. ಕೆಲಸವಿಲ್ಲದೆ ಚಿಕ್ಕತಾಯಮ್ಮ ಸೋಸಲೆಯ ತಂಗಿ ಮನೆ ಸೇರಿ ತಿಂಗಳಾಗಿತ್ತು. ನಂಜನಗೂಡಿನಲ್ಲಿ ಇಳಿದು ತಿರುಮಕೂಡಲು ನರಸೀಪುರದ ಬಸ್ಸು ಹಿಡಿಯಬೇಕು, ಅಲ್ಲಿಂದ ಸೋಸಲೆ. ಆ ಒಂದು ಹೆಬ್ಬೆಟ್ಟು ಬಿದ್ದರೆ ಸೋಮವಾರದಿಂದ ಹತ್ತೂ ಮಂದಿ ಗದ್ದೆಗಿಳಿಯುತ್ತಾರೆ. ತಾನು ಒಂದು ವರ್ಷ ಕಳೆದುಕೊಳ್ಳುತ್ತೇನೆ, ದಿಲ್ಲಿಯಲ್ಲಿ ಅಕ್ಟೋಬರಿಗೆ ಕಾದಿರುವ ಕೆಲಸವನ್ನೂ. ಕಳೆದುಕೊಳ್ಳಲಿ. ಹೀಗೆಂದುಕೊಂಡಾಗಲೆಲ್ಲ ಅವಳಿಗೆ ತನ್ನದೇ ಒಂದು ಚಿತ್ರ ಕಾಣುತ್ತಿತ್ತು: ತಲೆ ತಗ್ಗಿಸಿ ಮೈಸೂರಿನ ಕಾಲೇಜಿನ ಮೆಟ್ಟಿಲಿಳಿಯುವ, ಯಾರಿಗೂ ಏನೂ ಹೇಳದೆ ತ್ಯಾಗ ಮಾಡಿದ ಹುಡುಗಿ. ಆ ಚಿತ್ರ ಚೆನ್ನಾಗಿಯೇ ಇತ್ತು. ಚೆನ್ನಾಗಿರುವುದರಿಂದಲೇ ಅವಳಿಗೆ ಅದರ ಮೇಲೆ ಅನುಮಾನ.

ದಿಲ್ಲಿಯ ಮುನಿರ್ಕಾದಲ್ಲಿ ಅವಳಿದ್ದ ಕೋಣೆಗೆ ಕಿಟಕಿಯೇ ಇರಲಿಲ್ಲ. ತೊಂಬತ್ತೆಂಟರ ಜುಲೈನಿಂದ ಆರು ತಿಂಗಳು ಹಗಲೆಲ್ಲ ತರಬೇತಿ ಕೊಡುತ್ತಿದ್ದ ಸಂಸ್ಥೆಯ ಕಚೇರಿ, ಸಂಜೆ ಮೈಸೂರಿನ ಪಾಠ. ಎಂ.ಎ. ತರಗತಿಗೆ ಹಾಜರಿ ವಿನಾಯಿತಿ ಕೊಡಿಸಿದ್ದ ಬದರೀನಾರಾಯಣ ಮೇಷ್ಟ್ರು, ಬದಲಿಗೆ ತಿಂಗಳಿಗೆರಡು ಪ್ರಬಂಧ ಅಂಚೆಯಲ್ಲಿ ಬರಬೇಕೆಂದು ಕರಾರು ಹಾಕಿದ್ದರು. ಬಸ್ಸಿನಲ್ಲಿ ನಿಂತೇ ಓದುತ್ತಿದ್ದಳು. ಕಚೇರಿಯ ಹಿಂದಿಗೂ ಇಂಗ್ಲಿಷಿಗೂ ಬಾಯಿ ಹೊರಳದೆ, ಮಧ್ಯಾಹ್ನದ ಊಟದ ಮೇಜಿನಲ್ಲಿ ಉಳಿದವರು ನಗುವಾಗ ಒಂದು ಕ್ಷಣ ತಡವಾಗಿ ನಗುತ್ತಿದ್ದಳು. ಎರಡು ಕಡೆಗೂ ಒಂದೇ ಕ್ಷೇತ್ರಕಾರ್ಯ ಸಾಕೆಂದು ತೀರ್ಮಾನವಾದಾಗ ಬದುಕಿಕೊಂಡೆ ಎನಿಸಿತ್ತು. ದಸರಾ ರಜದಲ್ಲಿ ಊರಿಗೆ ಬಂದು ಹತ್ತು ದಿನ ಕಳೆ ಕೀಳುವ ಹೆಂಗಸರ ಜತೆ ನಾಲೆ ಏರಿಯ ಮೇಲೆ ಕೂತಳು. ಸಂಸ್ಥೆಯ ಶರ್ಮಿಷ್ಠಾ ಮೇಡಂ ಮೊದಲ ದಿನವೇ ಹೇಳಿದ್ದರು: ಹೇಳಿದವರ ಹೆಸರು ಎಲ್ಲೂ ಬರಕೂಡದು, ಅವರು ನಾಳೆಯೂ ಅದೇ ಊರಿನಲ್ಲಿ ಬದುಕಬೇಕು. ಬದರೀನಾರಾಯಣ ಮೇಷ್ಟ್ರ ನಿಯಮ ಬೇರೆ. "ಹೆಸರಿಲ್ಲದ ಸಾಕ್ಷಿ ಸಾಕ್ಷಿಯೇ ಅಲ್ಲಮ್ಮ. ಹಾಸ್ಟೆಲಿನಲ್ಲಿ ಕೂತು ನೀವೇ ಬರೆದಿರಿ ಅಂತ ನಾಳೆ ಯಾರಾದರೂ ಅಂದರೆ? ಹೆಸರು, ಗಂಡನ ಹೆಸರು, ಕೇರಿ, ಹೆಬ್ಬೆಟ್ಟು. ಅನುಬಂಧ ಇಲ್ಲದಿದ್ದರೆ ಅಂಕ ಇಲ್ಲ." ಎರಡು ವರದಿಗೂ ಡಿಸೆಂಬರಿನ ಅದೇ ವಾರ ಗಡುವು. ಜ್ವರ ಬೇರೆ. ಜೆರಾಕ್ಸ್ ಅಂಗಡಿಯವನು ಎರಡು ಕಟ್ಟುಗಳನ್ನು ಕೈಯಲ್ಲಿ ತೂಗಿ, "ಎರಡೂ ಒಂದೇ ತಾನೆ?" ಎಂದು ಕೇಳಿದ. ಅವಳು ಹೌದು ಎಂದಳು. ಅಷ್ಟೇ ನಡೆದದ್ದು. ಮೈಸೂರಿಗೆಂದು ಹಾಕಿದ ಹೆಸರುಗಳ ಅನುಬಂಧ ದಿಲ್ಲಿಯ ಪ್ರತಿಗಳಿಗೂ ಸೇರಿಕೊಂಡಿತು. ಆ ಪ್ರತಿಗಳು ಯಾವ ಮೇಜಿನಿಂದ ಯಾವ ಮೇಜಿಗೆ ಇಳಿದವೋ, ಜೂನ್ ಹೊತ್ತಿಗೆ ಊರಿನ ಜಗಲಿಯ ಮೇಲೆ ಯಾರೋ ಕನ್ನಡಕ ಹಾಕಿಕೊಂಡು ಹನ್ನೊಂದು ಹೆಸರನ್ನೂ ಗಟ್ಟಿಯಾಗಿ ಓದಿದ್ದರು.

ಜ್ವರವಿತ್ತು ಎಂದು ಎಲ್ಲರಿಗೂ ಹೇಳಿದ್ದಳು. ಮೇಡಂಗೆ ಬರೆದಿದ್ದಳು, ಮೇಷ್ಟ್ರಿಗೆ ಹೇಳಿದ್ದಳು, ಕೇರಿಯ ಹೆಂಗಸರ ಮುಂದೆಯೂ ಹೇಳಿ ಅತ್ತಿದ್ದಳು. ಯಾರಿಗೂ ಹೇಳದೆ ಉಳಿದದ್ದು ಒಂದೇ. ಅದೇ ವಾರ, ಅದೇ ಜ್ವರದಲ್ಲಿ, ಕಂಬಳಿ ಹೊದ್ದು ಕೂತು ಕೆಂಪು ಪೆನ್ನು ಹಿಡಿದು ಇಡೀ ವರದಿಯನ್ನು ಮೂರು ಸಲ ಜಾಲಾಡಿದ್ದಳು, ಒಂದು ಹೆಸರಿಗಾಗಿ. ಅದು ಕಂಡಲ್ಲೆಲ್ಲ ಹೊಡೆದುಹಾಕಿ ‘ಭೂಮಾಲೀಕ ಎ’ ಎಂದು ಬರೆದಿದ್ದಳು. ಒಂದು ಕಡೆಯೂ ತಪ್ಪಿರಲಿಲ್ಲ.

ನಂಜನಗೂಡಿನ ಬಸ್ ನಿಲ್ದಾಣದಲ್ಲಿ ನರಸೀಪುರದ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಾಯಿತು. ಬೆಂಚಿನ ತುದಿಯಲ್ಲಿ ಕೂತಳು. ಪಕ್ಕದವನು ಪತ್ರಿಕೆಯನ್ನು ಅಗಲವಾಗಿ ಬಿಡಿಸಿಕೊಂಡಾಗ ಅದರಲ್ಲಿ ತನ್ನ ಹೆಸರಿರಬಹುದೆಂದು ಕತ್ತು ಚಾಚಿ ನೋಡಿದಳು. ಶಿವಮಲ್ಲಪ್ಪನವರು ಅಷ್ಟು ಮಾಡಲೂ ಹೇಸುವವರಲ್ಲ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಗದ್ದೆ ಅವರದು, ಆದ್ದರಿಂದ ‘ಎ’ ಅಂದರೆ ಅವರೇ ಎಂದು ತಾಲ್ಲೂಕೇ ನಂಬಿಬಿಟ್ಟಿತ್ತು. ಆ ಹುಡುಗಿ ಸುಳ್ಳು ಕಟ್ಟಿ ಬರೆದಿದ್ದಾಳೆಂದು ಕಾಲೇಜಿಗೆ ದೂರು ಕೊಟ್ಟವರೂ ಅವರೇ, ಹೆಂಗಸರನ್ನು ಕರೆಯಬಾರದೆಂದು ಕಟ್ಟು ಮಾಡಿದವರೂ ಅವರೇ. ಹೇಳಿದವರಿಂದ ಮತ್ತೆ ದೃಢಪಡಿಸಿ ತರಬೇಕು, ಇಲ್ಲವೇ ತಪ್ಪೊಪ್ಪಿಕೊಳ್ಳಬೇಕು ಎಂದು ಮೇಷ್ಟ್ರು ಫಲಿತಾಂಶ ತಡೆಹಿಡಿದಿದ್ದರು. ಮೊನ್ನೆ ಬೆಳಿಗ್ಗೆ ಶಿವಮಲ್ಲಪ್ಪ ನಂದಿತಾಳ ಮನೆಯ ಜಗಲಿಗೇ ಬಂದು, ಕಂಬಕ್ಕೊರಗಿ ಎಲೆಯ ತೊಟ್ಟು ಮುರಿಯುತ್ತ ಕೂತಿದ್ದರು.

"ಬೀಗ್ರ ಮನೆ ಮದ್ವೇಲಿ ಎಲ್ರ ಮುಂದೂ ಕೇಳ್ತಾರೆ ಕಣವ್ವ, ಏನ್ ಏ ಸಾಯೇಬ್ರೇ, ಚೆಂದಾಗಿದ್ದೀರಾ ಅಂತ. ಸಾಯಂಗಾಯ್ತು ನಂಗೆ. ಬರ್ಕೊಡು. ಅನ್ನೊಂದೂ ಎಬ್ಬೆಟ್ಟು ಒತ್ತಿಸ್ಕೊಡು. ಒಂದ್ ಕಮ್ಮಿ ಆದ್ರೂ ಅದ್ನ ಇಡ್ಕಂಡು ಇನ್ನೊಂದ್ ಕಾಗ್ದ ಬತ್ತದೆ. ಆ ಏ ಅನ್ನೋನು ನಾನಲ್ಲ ಅನ್ನೋದು ಜನುಕ್ಕೆ ಗೊತ್ತಾದ್ರೆ ಸಾಕು ನಂಗೆ. ಎಂಗಸ್ರ ಮ್ಯಾಲೆ ನಂಗೇನ್ ದ್ವೇಸ್ವ? ಸೋಮ್ವಾರಕ್ಕೇ ಗದ್ದೆಗಿಳೀಲಿ."

ಅವರು ಹೋದ ಮೇಲೆ ಅಪ್ಪ ಹೊರಗೆ ಬಂದ. ಬಸವಯ್ಯ ಎಂದರೆ ಊರಿನಲ್ಲಿ ಮೆದು ಮನುಷ್ಯ. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಬಿಡದವನು, ಎತ್ತಿಗೂ ಗಟ್ಟಿಯಾಗಿ ಗದರದವನು. ಅಮ್ಮ ಮಂಗಳಮ್ಮ ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದಳು, ಬೇಕೆಂದೇ. ಅಪ್ಪ ಟವೆಲಿನಿಂದ ಜಗಲಿಯನ್ನು ಒರೆಸುತ್ತ, ಅವಳ ಮುಖ ನೋಡದೆ, "ನನ್ ಎಸ್ರು ಆಕ್ನಿಲ್ವಲ್ಲ ಮಗ, ಒಳ್ಳೇದ್ ಮಾಡ್ದೆ" ಎಂದ. ಬೈದಿದ್ದರೆ ಆಗಿತ್ತು. ಕೃತಜ್ಞತೆ. ಮಗಳ ಮುಂದೆ ಅಪ್ಪನೊಬ್ಬ ಹಾಗೆ ಕೃತಜ್ಞನಾಗಿ ಕೂತದ್ದನ್ನು ನೋಡಿ ಅವಳಿಗೆ ಹೇಸಿಗೆಯಾಯಿತು, ಅದೇ ಕ್ಷಣ ಅವನ ಕುತ್ತಿಗೆಯ ಹಿಂದಿನ ಬಿಳಿ ಕೂದಲು ಕಂಡು ಅಳುವೂ ಬಂತು. ಹಾಗಾದರೆ ನಿಜವೇ ಅಪ್ಪ, ಎಂದು ಕೇಳಲಿಲ್ಲ. ಕೇಳಬೇಕಾಗಿಯೇ ಇರಲಿಲ್ಲ.

ನರಸೀಪುರದ ಬಸ್ಸು ಕಬ್ಬಿನ ಲಾರಿಯೊಂದರ ಹಿಂದೆ ಸಿಕ್ಕಿಕೊಂಡು ತೆವಳಿತು. ದಿಲ್ಲಿಯ ಲೋಧಿ ರಸ್ತೆಯಲ್ಲಿ ಅವಳು ವರದಿ ಓದಿದ ಆ ಸಭಾಂಗಣದ ಕುರ್ಚಿಗಳು ಎಷ್ಟು ಮೆತ್ತಗಿದ್ದವು. ಜನವರಿಯ ಚಳಿ, ಹೊರಗೆ ಮಂಜು, ಒಳಗೆ ಕಾವು. ಅವಳು ಹನ್ನೆರಡನೆಯ ಪುಟ ಓದುವಾಗ ಮೊದಲ ಸಾಲಿನ ಹೆಂಗಸೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದು ಕಂಡು ಅವಳ ದನಿ ತಾನಾಗಿಯೇ ನಿಧಾನವಾಯಿತು, ಇನ್ನಷ್ಟು ಚೆನ್ನಾಗಿ ಓದಿದಳು. ಎಂಟು ತಿಂಗಳ ಬಸುರಿ ನಾಟಿ ಹಾಕುತ್ತಿದ್ದಾಗ ನೋವು ಬಂದದ್ದು, ಹೋಗುತ್ತೇನೆಂದಾಗ ಬದುವಿನ ಮೇಲೆ ನಿಂತಿದ್ದ ಭೂಮಾಲೀಕ ಎ ‘ಈ ಗದ್ದೆತಾಕು ಮುಗಿಸಿ ಹೋಗು’ ಎಂದದ್ದು, ತಾಕು ಮುಗಿಯುವ ಮೊದಲೇ ಮಗು ಕೆಸರಿಗೆ ಬಿದ್ದದ್ದು. ಓದಿ ಮುಗಿದಾಗ ಚಪ್ಪಾಳೆ. ಚಹಾದ ಹೊತ್ತಿನಲ್ಲಿ ಆ ಹೆಂಗಸು ಅವಳ ಎರಡೂ ಕೈ ಹಿಡಿದುಕೊಂಡು, ನಿಮ್ಮ ಜನರ ನೋವನ್ನು ನೀವೇ ಹೇಳುವ ಕಾಲ ಬಂತು, ನಿಮ್ಮ ತಾಯಿಗೆ ಎಷ್ಟು ಹೆಮ್ಮೆಯಾಗಬೇಕು ಎಂದರು. ನಿಮ್ಮ ಜನ. ಅವಳಿಗೆ ಅರ್ಥವಾಯಿತು, ಇವರು ತನ್ನನ್ನು ಆ ಕೂಲಿ ಹೆಂಗಸರ ಕೇರಿಯ ಮಗಳೆಂದುಕೊಂಡಿದ್ದಾರೆ. ಅಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಬಿಸ್ಕತ್ತಿನ ತಟ್ಟೆ ಚಾಚಿದರು, ಒಂದನ್ನು ತೆಗೆದುಕೊಂಡಳು. ಬಾಯಲ್ಲಿ ಬಿಸ್ಕತ್ತಿರುವಾಗ ಹೇಗೆ ಹೇಳುವುದು? ನುಂಗಿದ ಮೇಲೆ ಹೇಳಬಹುದಿತ್ತು. ಆ ಸಂಜೆಯೇ ಶರ್ಮಿಷ್ಠಾ ಮೇಡಂ ಕೆಲಸದ ಮಾತೆತ್ತಿದ್ದು.

ಚಿಕ್ಕತಾಯಮ್ಮ ತಂಗಿಯ ಮನೆಯ ಮುಂದೆ ತೆಂಗಿನಗರಿ ಹರವಿಕೊಂಡು ಪೊರಕೆಗೆ ಕಡ್ಡಿ ಸೀಳುತ್ತಿದ್ದಳು. ನಂದಿತಾಳನ್ನು ಕಂಡು ಕುಡುಗೋಲನ್ನು ಕೆಳಗಿಟ್ಟು ಏಳಲು ಹೋಗಿ, ಯಾಕೋ ಮನಸ್ಸು ಬದಲಿಸಿ ಕೂತೇ ಇದ್ದಳು.

"ಚೆನ್ನಾಗಿದ್ದೀರಾ?"

"ಇದೇನವ್ವಾ, ನಂಗೂ ನೀವು ಗೀವು ಅಂತೀಯೆ? ಡಿಲ್ಲೀಲಿ ಕಲ್ಸುದ್ರಾ?" ಎಂದು ಚಿಕ್ಕತಾಯಮ್ಮ ನಕ್ಕಳು. "ಕೂತ್ಕೊ. ಚಾಪೆ ಇಲ್ಲ, ಗರಿ ಮ್ಯಾಲೇ ಕೂತ್ಕೊ. ಚುಚ್ಚಿದ್ರೆ ಚುಚ್ಲಿ."

ಅವಳು ಕೂತಳು. ಚುಚ್ಚಿತು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು: ಜ್ವರ, ಜೆರಾಕ್ಸ್ ಅಂಗಡಿ, ಒಂದೇ ತಾನೆ ಎಂದದ್ದು, ಶಿವಮಲ್ಲಪ್ಪ, ಸೋಮವಾರ. ತನ್ನ ವರ್ಷ ಹೋಗುವುದನ್ನೂ ಹೇಳಿದಳು. ಹೇಳಬಾರದೆಂದುಕೊಂಡಿದ್ದಳು, ಆದರೂ ಬಾಯಿಗೆ ಬಂತು. ಚಿಕ್ಕತಾಯಮ್ಮ ಕಡ್ಡಿ ಸೀಳುತ್ತಲೇ ಕೇಳಿದಳು. ನಂದಿತಾ ಪತ್ರವನ್ನೂ ಇಂಕುಪ್ಯಾಡನ್ನೂ ಗರಿಯ ಮೇಲಿಟ್ಟಳು.

"ಅವ್ರೆಲ್ಲಾ ಒತ್ತುದ್ರಾ?"

"ಹತ್ತು ಜನಾನೂ."

"ಒತ್ಲಿ ಬುಡು. ಮಕ್ಳುಮರಿ ಇರೋವ್ರು. ಅವ್ರೇನ್ ಅಂತಾ ಮಾತ್ ಯೋಳ್ನೂ ಇಲ್ಲ. ಉಸ್ಸು, ಸುಮ್ಕಿರು ಚಿಕ್ತಾಯಿ ಅಂತ ನನ್ ಸೆರ್ಗು ಜಗ್ತಾ ಇದ್ರು ಅವತ್ತು. ಬಾಯ್ ಬುಟ್ಟೋಳು ನಾನು." ಕುಡುಗೋಲು ನಿಂತಿತು. "ಓದು ನೋಡವ, ನಾ ಯೋಳಿದ್ನ ಯೆಂಗ್ ಬರ್ದಿದ್ದೀಯೆ ಅಂತ. ಇಪ್ಪತ್ತೆರಡ್ ವರ್ಸ ಯಾರ್ಗೂ ಯೋಳಿರ್ನಿಲ್ಲ ಕಣವ್ವ. ನಮ್ ಮನೇವ್ನಿಗೂ ಪೂರಾ ಯೋಳಿರ್ನಿಲ್ಲ."

ನಂದಿತಾ ವರದಿ ತೆಗೆದು ಹನ್ನೆರಡನೆಯ ಪುಟವನ್ನು ಕನ್ನಡ ಮಾಡಿ ಹೇಳತೊಡಗಿದಳು. ಸಭಾಂಗಣದಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಇಲ್ಲಿ ಬಾಯಲ್ಲಿ ಕಲ್ಲು ಕಲ್ಲಾಯಿತು. ‘ಮಾಹಿತಿದಾತೆ’ ಎನ್ನಲು ಹೋಗಿ ತಡೆದು ‘ನೀವು’ ಎಂದಳು. ‘ಪ್ರಸವ’ ಎನ್ನಲು ಹೋಗಿ ‘ನೋವು’ ಎಂದಳು. ಚಿಕ್ಕತಾಯಮ್ಮ ಗರಿಯನ್ನೇ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಳು, ಯಾರೋ ತನ್ನ ಮಾತನ್ನು ತಪ್ಪಾಗಿ ಒಪ್ಪಿಸುತ್ತಿದ್ದರೆ ತಿದ್ದುವವಳಂತೆ. ಭೂಮಾಲೀಕ ಎ ಎನ್ನುವಲ್ಲಿ ಕೈಯೆತ್ತಿದಳು.

"ಯಾರು?"

"ಎ."

"ಏ ಅಂದ್ರೆ?"

"ಹೆಸರು ಹಾಕಬಾರದು ಅಂತ... ಹಾಗೆ ಒಂದು ಅಕ್ಷರ ಹಾಕ್ತೀವಿ."

"ಎಮ್ಮೆಕರೂಗೂ ಒಂದ್ ಎಸ್ರಿಕ್ತೀವಲ್ಲವ್ವ ನಾವು. ಇದ್ಯಾವ್ದಿದು ಏ?" ಈ ಸಲ ನಗಲಿಲ್ಲ. "ನಾ ಯೋಳ್ದಾಗ ಏ ಅಂತ ಯೋಳಿದ್ನಾ?"

"ಇಲ್ಲ."

"ಏನಂತ ಯೋಳ್ದೆ?"

ನಂದಿತಾ ಪುಟದ ಅಂಚನ್ನು ಮಡಿಚಿದಳು. ಒಳಗಿನಿಂದ ಒಲೆ ಊದುವ ಸದ್ದು ಕೇಳುತ್ತಿತ್ತು.

"ನಿಮ್ಮಪ್ಪಾರ್ ಎಸ್ರು ಯೋಳ್ದೆ. ನಿನ್ ಮಕ ನೋಡ್ಕಂಡೇ ಯೋಳ್ದೆ. ನೀನಾಗ ತೊಟ್ಲಲ್ಲಿದ್ದೆ ಅಂತ್ಲೂ ಯೋಳ್ದೆ. ನೀನು ಬರ್ಕೋತಾನೇ ಇದ್ದೆ. ಸೈ, ಈ ಕೂಸು ಅವ್ರಪ್ಪನ್ ಎಸ್ರೂ ಬರೀತಾದಲ್ಲ, ದೈರ್ಯ ಇದ್ಕೆ ಅನ್ಕೊಂಡೆ. ಅದ್ಕೇ ಎಬ್ಬೆಟ್ಟು ಒತ್ತಿದ್ದು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟನ್ನು ನಂದಿತಾ ದಾರಿಯುದ್ದಕ್ಕೂ ನಿರೀಕ್ಷಿಸಿದ್ದಳು, ಅದಕ್ಕೆ ಸಿದ್ಧವಾಗಿದ್ದಳು. "ನನ್ ಎಸ್ರು ಬರ್ದೆ. ನನ್ ಗಂಡನ್ ಎಸ್ರು ಬರ್ದೆ. ನಮ್ ಕೇರಿ ಎಸ್ರೂ ಬರ್ದೆ. ಜರ ಬಂದಿತ್ತು ಅಂತೀಯೆ. ನಿಮ್ಮಪ್ಪಾರ್ ಎಸ್ರು ಕಂಡಾಗ ಇಳೀತಾ ಇತ್ತೇನವ್ವ ಜರ?"

ಯಾರೂ ಕೇಳದಿದ್ದ ಪ್ರಶ್ನೆ. ಮೇಷ್ಟ್ರು ಕೇಳಿರಲಿಲ್ಲ, ಮೇಡಂ ಕೇಳಿರಲಿಲ್ಲ. ಓದಲು ಬಾರದವಳು ವರದಿಯನ್ನು ಎಲ್ಲರಿಗಿಂತ ಚೆನ್ನಾಗಿ ಓದಿಬಿಟ್ಟಿದ್ದಳು. ಒಂದು ದೇಶದ ರಾಜಧಾನಿಯಲ್ಲಿ ತಾನು ಆರು ತಿಂಗಳು ಕಲಿತದ್ದು, ಬಡವರಿಗೆ ಹೆಸರಿಡುವುದು, ಉಳ್ಳವರಿಗೆ ಅಕ್ಷರವಿಡುವುದು, ಇಷ್ಟೇ ಎಂದು ಅವಳಿಗೆ ಹೊಳೆಯಿತು. ಹೊಳೆದದ್ದೇ ಇದನ್ನು ಎಲ್ಲಾದರೂ ಬರೆಯಬೇಕು ಎಂದೂ ಅನ್ನಿಸಿ ತನ್ನ ಮೇಲೆ ತನಗೇ ಭಯವಾಯಿತು.

ಚಿಕ್ಕತಾಯಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಇಲ್ಲಿ ಕೇಳು. ನಾನು ಊರ್ಗೆ ತಿರ್ಗಾ ಬರಾಕಿಲ್ಲ. ಆ ಅತ್ತು ಜನ ಏನೂ ಯೋಳಿಲ್ಲ ಅಂತ ಬರ್ಕೋ, ಅದು ನಿಜ್ವೇಯ. ನನ್ ಎಸ್ರಿನ್ ಮುಂದೆ ಮಾತ್ರ, ಇವ್ಳು ಯೋಳಿದ್ದು ದಿಟ, ಬಸವಯ್ಯನೋರ್ ಮ್ಯಾಲೆ ಯೋಳಿದ್ದು ಅಂತ ಬರಿ. ಆ ಸಿವ್ಮಲ್ಲಪ್ಪನ್ಗೂ ಅದೇ ಬೇಕಾಗದೆ, ಏ ಅನ್ನೋನು ಅವ್ನಲ್ಲ ಅಂತ ಆದ್ರೆ ಎಂಗಸ್ರುನ್ನ ಕರೀತಾನೆ. ಬರಿ, ಒತ್ತೀನಿ." ಇಂಕುಪ್ಯಾಡಿನ ಮುಚ್ಚಳ ತಾನೇ ತೆಗೆದು ಹೆಬ್ಬೆರಳನ್ನು ಒತ್ತಿ, ನೇರಳೆ ಮೆತ್ತಿದ ಬೆರಳನ್ನು ಗಾಳಿಯಲ್ಲಿ ಹಿಡಿದು ಕಾದಳು.

ನಂದಿತಾ ಪೆನ್ನು ತೆಗೆದಳು. ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಹತ್ತು ಮಂದಿ ಗದ್ದೆಗಿಳಿಯುತ್ತಿದ್ದರು, ಶಿವಮಲ್ಲಪ್ಪನಿಗೆ ಮಾನ ಬರುತ್ತಿತ್ತು, ಮೇಷ್ಟ್ರಿಗೆ ದೃಢಪಟ್ಟ ಒಂದು ಸಾಕ್ಷಿ ಸಿಗುತ್ತಿತ್ತು, ತನ್ನ ವರ್ಷವೂ ಉಳಿಯಬಹುದಿತ್ತು. ಖರ್ಚಾಗುವುದು ಒಂದೇ ಹೆಸರು. ‘ಚಿಕ್ಕತಾಯಮ್ಮನವರು ಹೇಳಿದ್ದು ನಿಜ’ ಎಂದು ಬರೆದಳು. ‘ಅವರು ಹೇಳಿದ್ದು’ ಎಂದಳು. ಆಮೇಲೆ ಅಪ್ಪನ ಹೆಸರಿನ ‘ಬ’ ಬರೆಯಬೇಕು. ಟವೆಲಿನಿಂದ ಜಗಲಿ ಒರೆಸುತ್ತಿದ್ದ ಕೈ ಕಂಡಿತು. ಅದೇ ಕೈ ಸೊಂಟದ ಮೇಲಿಟ್ಟುಕೊಂಡು ಬದುವಿನ ಮೇಲೆ ನಿಂತ ಇಪ್ಪತ್ತೇಳರ ಯುವಕನೂ ಕಂಡ, ಅವನ ಮುಖ ಎಷ್ಟು ಪ್ರಯತ್ನಪಟ್ಟರೂ ಕಾಣಲಿಲ್ಲ. ಮಂಗಳಮ್ಮನ ಪಾತ್ರೆಯ ಸದ್ದು. ಸಭಾಂಗಣದ ಹೆಂಗಸು ಕನ್ನಡಕ ಏರಿಸಿಕೊಂಡು, ಅಂದರೆ ನೀವು ಎ-ಯ ಮಗಳೇ, ಎನ್ನುವುದು ಕೇಳಿಸಿತು. ಅಪ್ಪನಿಗಾಗಿ ನಿಂತಿತೋ ಕೈ, ಆ ಹೆಂಗಸಿಗಾಗಿ ನಿಂತಿತೋ? ಬರೆಯುತ್ತೇನೆ, ಈಗ ಬರೆಯುತ್ತೇನೆ. ನೊಣವೊಂದು ಕಾಗದದ ಮೇಲೆ ಹತ್ತು ಗುರುತುಗಳನ್ನೂ ದಾಟಿಕೊಂಡು ಹೋಯಿತು. ಅದು ದಾಟಿ ಮುಗಿಯಲಿ ಎಂದು ಕಾದಳು.

"ಒಣ್ಗೋಯ್ತು ಕಣವ್ವ" ಎಂದಳು ಚಿಕ್ಕತಾಯಮ್ಮ.

ಬೆರಳನ್ನು ಒಮ್ಮೆ ತಿರುಗಿಸಿ ನೋಡಿ, ಗರಿಯ ಮೇಲೆ ಉಜ್ಜಿದಳು. ಕುಡುಗೋಲನ್ನು ಮತ್ತೆ ಕೈಗೆತ್ತಿಕೊಂಡಳು. "ಓಗು. ಒಂದೂವರೆ ಬಸ್ ಬತ್ತದೆ. ಅದ್ ಬುಟ್ರೆ ಸಂದೆಗಂಟ ಇಲ್ಲ." ಅದು ಕ್ಷಮೆಯಲ್ಲ, ಶಾಪವೂ ಅಲ್ಲ. ಬಸ್ಸಿನ ವೇಳೆ, ಅಷ್ಟೆ.

ನರಸೀಪುರದ ಬಸ್ ನಿಲ್ದಾಣದಲ್ಲಿ ಹೋಟೆಲಿನ ಹಿಂದಿನ ಕಲ್ಲುಬೆಂಚಿನ ಮೇಲೆ ಕೂತು ಅವಳು ಹೊಸ ಬಿಳಿ ಹಾಳೆಯ ಚೂರನ್ನು ಅಂಟಿಸಿ ಆ ಎರಡು ಸಾಲನ್ನು ಮುಚ್ಚಿದಳು. ಅಂಟಿಗೆ ಹೋಟೆಲಿನವನು ಎರಡು ಅಗುಳು ಅನ್ನ ಕೊಟ್ಟಿದ್ದ. ಹತ್ತು ಮಂದಿಗಾಗಿ ಎಂದುಕೊಂಡಳು. ಮತ್ತೊಮ್ಮೆ ಹಾಗೆಯೇ ಅಂದುಕೊಂಡಳು. ಸುತ್ತ ಯಾರೂ ನೋಡುತ್ತಿರಲಿಲ್ಲ, ನೋಡಿದ್ದರೂ ಅರ್ಥವಾಗುತ್ತಿರಲಿಲ್ಲ. ಮುಚ್ಚಳ ತೆಗೆದು ತನ್ನ ಎಡಗೈಯ ಹೆಬ್ಬೆರಳನ್ನು ಇಂಕಿಗೆ ಅದ್ದಿ, ಚಿಕ್ಕತಾಯಮ್ಮ ಎಂಬ ಹೆಸರಿನ ಮುಂದೆ ಒತ್ತಿದಳು. ಬೆರಳೆತ್ತಿ ನೋಡಿದಳು. ಮೇಲಿನ ಹತ್ತೂ ಬರೀ ಕಲೆಗಳು. ಕೆಸರು, ಕಳೆ, ಕಡ್ಡಿ ಸವೆಸಿದ ಬೆರಳುಗಳಲ್ಲಿ ಒತ್ತಲು ಗೆರೆಗಳೇ ಉಳಿದಿರಲಿಲ್ಲ. ಹನ್ನೊಂದನೆಯದು ಮಾತ್ರ ಒಂದು ಗೆರೆಯೂ ತಪ್ಪದೆ, ಸುಳಿ ಸುಳಿಯಾಗಿ, ಅಚ್ಚಿನಂತೆ ಮೂಡಿತ್ತು.